‘ಆದಷ್ಟು ಬೇಗ’ ಅಂದರೆ ಎಷ್ಟು ದಿನ?

ಮೈಸೂರು ಮತ್ತು ಮಂಡ್ಯ ಕ್ಷೇತ್ರಗಳ ಮಾನ್ಯ ಲೋಕಸಭಾ ಸದಸ್ಯರಿಬ್ಬರಿಗೂ,

ನಮಸ್ಕಾರ.

ನಾನು ಮಂಡ್ಯದ ಕಡೆಯವನು. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಈಗ ಅರ್ಧ ತಿಂಗಳು ಊರಿನಲ್ಲಿ, ಅರ್ಧ ತಿಂಗಳು ಮೈಸೂರಿನ ಮಗಳ ಮನೆಯಲ್ಲಿ ಇರುತ್ತೇನೆ. ಹಾಗಾಗಿ ನಿಮ್ಮಿಬ್ಬರಿಗೂ ಅರ್ಧರ್ಧ ಸೇರಿದವನು. ಈ ಪತ್ರ ಕಾವೇರಿ ನೀರಿನ ಬಗ್ಗೆ ಅಲ್ಲ. ಕಬ್ಬಿನ ಬಾಕಿ, ಹೆದ್ದಾರಿಯ ಟೋಲ್, ಅದೂ ಅಲ್ಲ. ಅವನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಸಂವಿಧಾನದ 68ನೇ ವಿಧಿಯಲ್ಲಿರುವ ಎರಡೇ ಎರಡು ಪದಗಳ ಮೇಲೆ. ‘ಆದಷ್ಟು ಬೇಗ’.

ಉಪರಾಷ್ಟ್ರಪತಿ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ ಅಥವಾ ಅವರನ್ನು ಆ ಸ್ಥಾನದಿಂದ ತೆಗೆದರೆ, ಹೊಸಬರ ಚುನಾವಣೆ ಆದಷ್ಟು ಬೇಗ ನಡೆಯಬೇಕು ಅನ್ನುತ್ತದೆ ಆ ವಿಧಿ. ಅಷ್ಟೇ. ಇಷ್ಟು ದಿನ, ಇಷ್ಟು ತಿಂಗಳು ಅಂತ ಇಲ್ಲ. ಅದೇ ಸಂವಿಧಾನದ 62ನೇ ವಿಧಿ ನೋಡಿ. ರಾಷ್ಟ್ರಪತಿ ಸ್ಥಾನ ಹೀಗೇ ನಡುವೆ ಖಾಲಿಯಾದರೆ ಅಲ್ಲೂ ‘ಆದಷ್ಟು ಬೇಗ’ ಇದೆ. ಆದರೆ ಅದರ ಬೆನ್ನಿಗೇ, ಏನೇ ಆದರೂ ಆರು ತಿಂಗಳು ಮೀರಬಾರದು ಅಂತ ಒಂದು ಬೇಲಿ ಹಾಕಿದ್ದಾರೆ. ಎರಡು ವಿಧಿಗಳ ನಡುವೆ ಒಂದೆರಡು ಪುಟ ಕೂಡ ಇಲ್ಲ. ಒಂದಕ್ಕೆ ಬೇಲಿ ಉಂಟು, ಇನ್ನೊಂದು ಬಯಲು.

ಇದೊಂದು ದೊಡ್ಡ ವಿಷಯವಾ ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೆ ಅನ್ನಿಸಿರಲಿಲ್ಲ. ವರ್ಷಗಟ್ಟಲೆ ಈ ಪಾಠವನ್ನು ಗಿಳಿಯ ಥರ ಒಪ್ಪಿಸಿದ್ದೇನೆ. ನನ್ನ ಕಣ್ಣು ತೆರೆಸಿದ್ದು ನಮ್ಮ ಕಡೆಯ ಒಂದು ಹಾಲಿನ ಡೈರಿ.

ಊರಿನ ಹೆಸರು ಬೇಡ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಆಗಿನ್ನೂ ಹಾಲಿನ ಬಟವಾಡೆ ಕೈಗೇ ಕೊಡುತ್ತಿದ್ದರು. ಡೈರಿಯ ಉಪಾಧ್ಯಕ್ಷರಿಗೂ ಇನ್ನೊಬ್ಬ ನಿರ್ದೇಶಕರಿಗೂ ಏನೋ ಜಗಳವಾಯಿತು. ಉಪಾಧ್ಯಕ್ಷರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ರಾಜೀನಾಮೆ ಕೊಟ್ಟು ಹೋದರು. ನನ್ನ ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ನಡಾವಳಿ ಬರೆಯೋಕೆ ನನ್ನನ್ನು ಕರೆದರು. ನಾನು ಬರೆದೆ: ‘ಖಾಲಿ ಇರುವ ಉಪಾಧ್ಯಕ್ಷರ ಸ್ಥಾನಕ್ಕೆ ಆದಷ್ಟು ಬೇಗ ಚುನಾವಣೆ ನಡೆಸುವುದೆಂದು ತೀರ್ಮಾನಿಸಲಾಯಿತು.’ ಎಲ್ಲರೂ ರುಜು ಹಾಕಿದರು. ಕಾಫಿ ಕುಡಿದು ಎದ್ದೆವು.

ಎಂಟು ತಿಂಗಳು ಕಳೆದವು. ಯಾರಿಗೂ ಆ ಸ್ಥಾನದ ನೆನಪೇ ಆಗಲಿಲ್ಲ. ಅಧ್ಯಕ್ಷರು ಗಟ್ಟಿಮುಟ್ಟಾಗಿದ್ದರು, ಚೆಕ್ಕಿಗೆ ಅವರದೂ ಕಾರ್ಯದರ್ಶಿಯದೂ ಸಹಿ ಬೀಳುತ್ತಿತ್ತು, ಹಾಲು ಹೋಗುತ್ತಿತ್ತು, ದುಡ್ಡು ಬರುತ್ತಿತ್ತು. ಆಮೇಲೆ ಒಂದು ದಿನ ಅಧ್ಯಕ್ಷರಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಬಲಗೈ ಏಳುತ್ತಿರಲಿಲ್ಲ. ಅವರಿಲ್ಲದಾಗ ಸಹಿ ಹಾಕಬೇಕಾದ್ದು ಉಪಾಧ್ಯಕ್ಷರು. ಆ ಕುರ್ಚಿಯೇ ಖಾಲಿ. ಬ್ಯಾಂಕಿನವರು ಸಾಧ್ಯವೇ ಇಲ್ಲ ಅಂದರು. ಎರಡು ಬಟವಾಡೆ ನಿಂತಿತು. ಅದೂ ಮಾರ್ನಮಿ ಹತ್ತಿರ, ಹಿರಿಯರಿಗೆ ಎಡೆ ಇಡಬೇಕು, ಹೊಸ ಬಟ್ಟೆ ತರಬೇಕು.

ಡೈರಿಗೆ ಹಾಲು ಹಾಕುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ದಾರಿಯಲ್ಲಿ ತಡೆದು ಕೇಳಿದರು. ‘ಏನ್ ಮೇಷ್ಟ್ರೇ, ನೀವೇ ಬರ್ದಿದ್ದಂತಲ್ಲ, ಆದಷ್ಟು ಬೇಗ ಅಂತ. ಅದು ಯಾವಾಗ? ನಮ್ಮೆಮ್ಮೆ ಆದಷ್ಟು ಬೇಗ ಕರ್ಯಕ್ಕೆ ಬುಡಲ್ಲ. ಹೊತ್ತಿಗೆ ಸರಿಯಾಗಿ ಬುಡ್ತದೆ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಆ ಪದ ಕಂಡರೆ ಆ ಅಜ್ಜಿಯೇ ನೆನಪಾಗುತ್ತಾರೆ. ಅದಕ್ಕೇ 2025ರ ಜುಲೈ 21ರ ರಾತ್ರಿ ಟೀವಿಯಲ್ಲಿ ಉಪರಾಷ್ಟ್ರಪತಿ ಜಗದೀಪ್ ಧನಕರ್ ಅವರ ರಾಜೀನಾಮೆ ಸುದ್ದಿ ಬಂದಾಗ, ಉಳಿದವರೆಲ್ಲ ಯಾಕೆ ಕೊಟ್ಟರು ಅಂತ ಚರ್ಚೆ ಮಾಡುತ್ತಿದ್ದರೆ ನಾನು ಕ್ಯಾಲೆಂಡರ್ ತೆಗೆದುಕೊಂಡು ಕೂತೆ. ಆರೋಗ್ಯದ ಕಾರಣ ಅಂತ ಪತ್ರದಲ್ಲಿತ್ತು. ಯಾಕೆ ಅನ್ನುವುದರಲ್ಲಿ ನನಗೆ ಆಸಕ್ತಿ ಕಡಿಮೆ. ಮುಂದಿನವರು ಯಾವತ್ತು ಅನ್ನುವುದೇ ನನ್ನ ಪ್ರಶ್ನೆ.

ಅವತ್ತು ಸಂಸತ್ತಿನ ಮಳೆಗಾಲದ ಅಧಿವೇಶನದ ಮೊದಲ ದಿನ. ಬೆಳಿಗ್ಗೆ ರಾಜ್ಯಸಭೆಯ ಪೀಠದಲ್ಲಿ ಕೂತಿದ್ದವರು ರಾತ್ರಿಗೆ ಇಲ್ಲ. ಸಭೆಯ ಕೆಲಸ ನಿಲ್ಲಲಿಲ್ಲ ಅನ್ನಿ. ಉಪಸಭಾಪತಿ ಹರಿವಂಶ್ ಇದ್ದರು, ಅಧಿವೇಶನ ನಡೆಸಿದರು. ಅದಕ್ಕೆ 91ನೇ ವಿಧಿಯಲ್ಲಿ ದಾರಿ ಇದೆ. ಸೆಪ್ಟೆಂಬರ್ 9ಕ್ಕೆ ಚುನಾವಣೆ ಆಯಿತು, 12ಕ್ಕೆ ಸಿ.ಪಿ. ರಾಧಾಕೃಷ್ಣನ್ ಪ್ರಮಾಣ ವಚನ ತೆಗೆದುಕೊಂಡರು. ಒಟ್ಟು 53 ದಿನ. ಅವರಿಗೆ 452 ಓಟು, ಎದುರಾಳಿ ಬಿ. ಸುದರ್ಶನ ರೆಡ್ಡಿ ಅವರಿಗೆ 300. ಹದಿನೈದು ಓಟು ಅಸಿಂಧು! ಇದರಲ್ಲಿ ಓಟು ಹಾಕುವವರು ಸಂಸತ್ ಸದಸ್ಯರು ಮಾತ್ರ, ಎಂಎಲ್‌ಎಗಳಿಗೆ ಓಟಿಲ್ಲ. ಅಂದರೆ ಆ ಹದಿನೈದೂ ನಿಮ್ಮ ಜೊತೆಯವರದೇ. ಹಳ್ಳಿ ಜನಕ್ಕೆ ಓಟು ಹಾಕೋದು ಗೊತ್ತಿಲ್ಲ ಅಂತ ಯಾರಾದರೂ ಅಂದರೆ ಇನ್ನು ಮೇಲೆ ನಾನು ಸುಮ್ನೆ ಇರುವುದಿಲ್ಲ.

ಸರಿ, 53 ದಿನ. ಬೇಗನೇ ಆಯಿತಲ್ಲ, ಮತ್ತೇನು ತೊಂದರೆ?

ಆ 53 ದಿನಗಳಲ್ಲಿ ರಾಷ್ಟ್ರಪತಿಗೆ ಏನಾದರೂ ಆಗಿದ್ದರೆ? ಕೆಟ್ಟ ಮಾತು, ಆಡಬಾರದು. ಆದರೆ ಉಪರಾಷ್ಟ್ರಪತಿ ಹುದ್ದೆ ಇರುವುದೇ ಈ ಕೆಟ್ಟ ಮಾತಿಗಾಗಿ. ರಾಷ್ಟ್ರಪತಿ ಇಲ್ಲವಾದರೆ, ಹೊಸಬರು ಬರುವ ತನಕ ಅವರ ಕೆಲಸ ನೋಡಿಕೊಳ್ಳುವುದು. ಬಾಕಿ ದಿನ ರಾಜ್ಯಸಭೆ ನಡೆಸುವುದು. ತರಗತಿಯಲ್ಲಿ ನಾನು ಪ್ರತಿ ವರ್ಷ ಕೇಳುತ್ತಿದ್ದೆ: ರಾಷ್ಟ್ರಪತಿ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ. ಮುಂದೆ ಯಾರು? ಮುಕ್ಕಾಲು ಜನ ಪ್ರಧಾನಮಂತ್ರಿ ಅನ್ನುತ್ತಿದ್ದರು. ಒಂದಿಬ್ಬರು ಸ್ಪೀಕರ್ ಅನ್ನುತ್ತಿದ್ದರು. ಸರಿ ಉತ್ತರ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಅವರೂ ಇಲ್ಲದಿದ್ದರೆ ಅಲ್ಲಿ ಲಭ್ಯವಿರುವ ಅತಿ ಹಿರಿಯ ನ್ಯಾಯಮೂರ್ತಿ. ಇದು ಸಂವಿಧಾನದಲ್ಲಿಲ್ಲ. 70ನೇ ವಿಧಿ, ಇಂಥ ಸಂದರ್ಭ ಬಂದರೆ ಸಂಸತ್ತು ವ್ಯವಸ್ಥೆ ಮಾಡಿಕೊಳ್ಳಲಿ ಅಂತ ಬಿಟ್ಟಿತ್ತು. ಸಂಸತ್ತು ಹತ್ತೊಂಬತ್ತು ವರ್ಷ ಏನೂ ಮಾಡಲಿಲ್ಲ. ಮಾಡಿದ್ದು 1969ರ ಮೇ ತಿಂಗಳಲ್ಲಿ, ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡ ಮೇಲೆ. ಮನೆ ಸೋರಲು ಶುರುವಾದ ಮೇಲೆ ಹೆಂಚು ತಂದ ಹಾಗೆ.

ಆ ವರ್ಷದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದರಲ್ಲಿ ನಮ್ಮ ಮೈಸೂರು ರಾಜ್ಯದ ಪಾಲೂ ಇದೆ.

1965ರಿಂದ 1967ರ ವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು ವಿ.ವಿ. ಗಿರಿ. 67ರ ಮೇ ತಿಂಗಳಲ್ಲಿ ಅವರು ಉಪರಾಷ್ಟ್ರಪತಿಯಾಗಿ ದಿಲ್ಲಿಗೆ ಹೋದರು. ಅವರ ಜಾಗಕ್ಕೆ ಇಲ್ಲಿಗೆ ಬಂದವರು ಗೋಪಾಲ್ ಸ್ವರೂಪ್ ಪಾಠಕ್. ಈ ಇಬ್ಬರ ಹೆಸರು ನೆನಪಿಟ್ಟುಕೊಳ್ಳಿ.

1969ರ ಮೇ 3ರಂದು ಜಾಕಿರ್ ಹುಸೇನ್ ತೀರಿಕೊಂಡರು. ಅವತ್ತೇ ಗಿರಿಯವರು ಹಂಗಾಮಿ ರಾಷ್ಟ್ರಪತಿ. ನಮ್ಮಲ್ಲಿ ಉಪರಾಷ್ಟ್ರಪತಿ ತಾನೇ ರಾಷ್ಟ್ರಪತಿ ಆಗಿಬಿಡುವುದಿಲ್ಲ. ಕೆಲಸ ನೋಡಿಕೊಳ್ಳುತ್ತಾರೆ ಅಷ್ಟೇ, ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. ಆ ಚುನಾವಣೆಗೆ ಕಾಂಗ್ರೆಸ್ಸಿನ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಗಿರಿ ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲುತ್ತೇನೆ ಅಂದರು. ಜುಲೈ 20ಕ್ಕೆ ಎರಡೂ ಜವಾಬ್ದಾರಿ ಬಿಟ್ಟರು. ಇಲ್ಲೊಂದು ತಮಾಷೆ ಇದೆ. ಉಪರಾಷ್ಟ್ರಪತಿ ರಾಜೀನಾಮೆ ಕೊಡಬೇಕಾದ್ದು ರಾಷ್ಟ್ರಪತಿಗೆ. ಆದರೆ ರಾಷ್ಟ್ರಪತಿಯ ಕೆಲಸ ನೋಡುತ್ತಿದ್ದವರೂ ಅವರೇ! ಈ ಗಂಟನ್ನು ಹುಡುಗರ ಮುಂದೆ ಇಟ್ಟರೆ ಒಂದು ಪೀರಿಯಡ್ ಪೂರ್ತಿ ಗಲಾಟೆ.

ಈಗ ಎರಡೂ ಕುರ್ಚಿ ಖಾಲಿ. ಎರಡು ತಿಂಗಳೂ ಆಗಿರದ ಹೊಸ ಕಾನೂನಿನ ಪ್ರಕಾರ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿ ಭವನಕ್ಕೆ ಬಂದರು. ಜುಲೈ 20ರಿಂದ ಆಗಸ್ಟ್ 24ರ ವರೆಗೆ ಅವರೇ ದೇಶದ ಹಂಗಾಮಿ ರಾಷ್ಟ್ರಪತಿ. ಜುಲೈ ಕೊನೆಗೆ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ದಿಲ್ಲಿಗೆ ಬಂದಾಗ ನಮ್ಮ ಕಡೆಯಿಂದ ಬರಮಾಡಿಕೊಂಡವರು ಒಬ್ಬ ಜಡ್ಜು.

ಇಷ್ಟೇ ಆಗಿದ್ದರೆ ಚೆಂದದ ಕಥೆ. ಆದರೆ ಅದೇ ಹೊತ್ತಿಗೆ ಬ್ಯಾಂಕ್ ರಾಷ್ಟ್ರೀಕರಣ ನಡೆದಿತ್ತು. ಜುಲೈ 19ರಂದು 14 ಬ್ಯಾಂಕುಗಳನ್ನು ಸರ್ಕಾರ ಸುಗ್ರೀವಾಜ್ಞೆಯ ಮೂಲಕ ತೆಗೆದುಕೊಂಡಿತು. ನಮ್ಮ ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಎರಡೂ ಅದರಲ್ಲಿದ್ದವು. ಆ ಸುಗ್ರೀವಾಜ್ಞೆ ಬಂದದ್ದು ಗಿರಿಯವರ ಅಂಕಿತದಿಂದ, ರಾಜೀನಾಮೆಯ ಹಿಂದಿನ ದಿನ. ಆಮೇಲೆ ಸಂಸತ್ತು ಅದನ್ನು ಕಾನೂನು ಮಾಡಿತು. ಆಗಸ್ಟ್ 9ರಂದು ಅದಕ್ಕೆ ಅಂಕಿತ ಬಿತ್ತು. ಆಗ ಅಂಕಿತ ಹಾಕುವ ಜಾಗದಲ್ಲಿದ್ದವರು ಹಿದಾಯತುಲ್ಲಾ. ಕಾನೂನಿನ ವಿರುದ್ಧ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಹನ್ನೊಂದು ನ್ಯಾಯಮೂರ್ತಿಗಳ ದೊಡ್ಡ ಪೀಠ 1970ರ ಫೆಬ್ರವರಿ 10ರಂದು ಆ ಕಾನೂನನ್ನು ರದ್ದು ಮಾಡಿತು, ಹತ್ತಕ್ಕೆ ಒಂದು. ಆಗ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರೇ. ಆದರೆ ಆ ಪೀಠದಲ್ಲಿ ಅವರು ಇರಲಿಲ್ಲ. ತಾವೇ ಅಂಕಿತ ಹಾಕಿದ ಕಾನೂನನ್ನು ತಾವೇ ತಕ್ಕಡಿಗೆ ಹಾಕಿ ತೂಗೋಕೆ ಆಗುತ್ತಾ?

ಒಂದು ಕುರ್ಚಿ ಖಾಲಿ ಬಿಟ್ಟರೆ ಅದು ಎಲ್ಲಿ ಹೋಗಿ ಮುಟ್ಟುತ್ತದೆ ನೋಡಿ. ಉಪರಾಷ್ಟ್ರಪತಿ ಇಲ್ಲ ಅಂತ ಜಡ್ಜು ಬಂದರು. ಜಡ್ಜು ಅಲ್ಲಿ ಸಹಿ ಹಾಕಿದ್ದರಿಂದ ದೇಶದ ಅತಿ ದೊಡ್ಡ ಕೇಸುಗಳಲ್ಲಿ ಒಂದನ್ನು ಮುಖ್ಯ ನ್ಯಾಯಮೂರ್ತಿ ಇಲ್ಲದೇ ಕೇಳಬೇಕಾಯಿತು. ರಾಷ್ಟ್ರಪತಿ ಚುನಾವಣೆಯ ತಕರಾರು ಬಂದರೂ ತೀರ್ಮಾನ ಮಾಡಬೇಕಾದ್ದು ಸುಪ್ರೀಂ ಕೋರ್ಟೇ. ಬಂತು ಕೂಡ. ಗಿರಿಯವರ ಗೆಲುವನ್ನು ಪ್ರಶ್ನಿಸಿದ ಕೇಸಿನಲ್ಲಿ, ರಾಷ್ಟ್ರಪತಿಯಾಗಿದ್ದ ಗಿರಿ ಖುದ್ದಾಗಿ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು. ನ್ಯಾಯಮೂರ್ತಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಹಿದಾಯತುಲ್ಲಾ ಅವರಷ್ಟು ಅಚ್ಚುಕಟ್ಟಾಗಿ ಆ ದಿನಗಳನ್ನು ದಾಟಿಸುವವರು ಪ್ರತಿ ಸಲ ಸಿಗುತ್ತಾರಾ ಅಂತ ಕೇಳುತ್ತಿದ್ದೇನೆ.

ಆ ಚುನಾವಣೆಯಲ್ಲಿ ಮೊದಲ ಪ್ರಾಶಸ್ತ್ಯದ ಮತಗಳಿಂದ ಯಾರೂ ಗೆಲ್ಲಲಿಲ್ಲ, ಎರಡನೇ ಪ್ರಾಶಸ್ತ್ಯ ಎಣಿಸಬೇಕಾಯಿತು. ಗಿರಿ ಗೆದ್ದರು. ಖಾಲಿ ಉಳಿದಿದ್ದ ಉಪರಾಷ್ಟ್ರಪತಿ ಸ್ಥಾನಕ್ಕೆ ಆಗಸ್ಟ್ 31ರಂದು ಬಂದು ಕೂತವರು ಯಾರು ಗೊತ್ತೇ? ನಮ್ಮ ರಾಜ್ಯಪಾಲ ಪಾಠಕ್. ಮೈಸೂರು ರಾಜ್ಯದ ರಾಜ್ಯಪಾಲರೊಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬಿದರು.

‘ಹಂಗಾಮಿ’ ಅಂದರೆ ಸುಮ್ನೆ ಗೊಂಬೆ ಥರ ಕೂರುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವರಿಗೆ ನಮ್ಮ ಬಿ.ಡಿ. ಜತ್ತಿಯವರ ಕಥೆ ಹೇಳಬೇಕು. ಜಮಖಂಡಿಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದವರು ಜತ್ತಿ. ತುರ್ತು ಪರಿಸ್ಥಿತಿ ಮುಗಿದದ್ದು, ಮೊರಾರ್ಜಿ ದೇಸಾಯಿ ಪ್ರಮಾಣ ವಚನ ತೆಗೆದುಕೊಂಡದ್ದು, ಎಲ್ಲವೂ ಅವರು ಹಂಗಾಮಿಯಾಗಿದ್ದ ಐದೂವರೆ ತಿಂಗಳಲ್ಲಿ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಹೊಸ ಸರ್ಕಾರ ಕಡತ ಕಳಿಸಿದಾಗ ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ಆಮೇಲೆ ಏಪ್ರಿಲ್ 30ಕ್ಕೆ ಹಾಕಿದರು. ಅಷ್ಟು ಹೊತ್ತು ದಿಲ್ಲಿ ಉಸಿರು ಬಿಗಿಹಿಡಿದಿತ್ತು. ಜುಲೈ 25ಕ್ಕೆ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು. ಆರು ತಿಂಗಳ ಬೇಲಿಯೊಳಗೇ. ಬೇಲಿ ಇದ್ದದ್ದರಿಂದ, ಆ ಗೊಂದಲದ ವರ್ಷದಲ್ಲೂ ಯಾರೂ ಮುಂದೂಡುವ ಮಾತಾಡಲಿಲ್ಲ.

ಅಮೆರಿಕದ ಮಾತು ತೆಗೆಯದೇ ಇದ್ದರೆ ನನ್ನ ಹಳೇ ವಿದ್ಯಾರ್ಥಿಗಳು ಬಿಡುವುದಿಲ್ಲ. ಅಲ್ಲಿನ ವ್ಯವಸ್ಥೆ ಬೇರೆ. ಅಧ್ಯಕ್ಷ ಸತ್ತರೆ ಉಪಾಧ್ಯಕ್ಷ ಪೂರ್ತಿ ಅಧ್ಯಕ್ಷನೇ ಆಗಿಬಿಡುತ್ತಾನೆ, ಉಳಿದ ಅವಧಿಯೆಲ್ಲ ಅವನದೇ. 1841ರಲ್ಲಿ ಮೊದಲ ಸಲ ಹೀಗಾದಾಗ ಜಾನ್ ಟೈಲರ್‌ರನ್ನು ಜನ ‘ಆಕಸ್ಮಿಕ ಅಧ್ಯಕ್ಷ’ ಅಂತ ಗೇಲಿ ಮಾಡಿದ್ದರು. ಆದರೆ ಅವನು ಮೇಲೆ ಹೋದಾಗ ಖಾಲಿಯಾಗುವ ಉಪಾಧ್ಯಕ್ಷ ಸ್ಥಾನ ತುಂಬುವುದು ಹೇಗೆ? ಅದಕ್ಕೆ ದಾರಿಯೇ ಇರಲಿಲ್ಲ. ಮುಂದಿನ ಚುನಾವಣೆ ತನಕ ಖಾಲಿ. 1967ರ ಒಳಗೆ ಹದಿನಾರು ಸಲ ಖಾಲಿಯಾಯಿತು. ಏಳು ಉಪಾಧ್ಯಕ್ಷರು ಹುದ್ದೆಯಲ್ಲಿದ್ದಾಗಲೇ ಸತ್ತರು, ಒಬ್ಬರು ರಾಜೀನಾಮೆ ಕೊಟ್ಟರು, ಎಂಟು ಜನ ಅಧ್ಯಕ್ಷರಾದರು. ಎಲ್ಲ ಸೇರಿಸಿದರೆ 37 ವರ್ಷಕ್ಕೂ ಜಾಸ್ತಿ ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿನಿಂದ ಸತ್ತಾಗ ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ನ್ಯೂಯಾರ್ಕಿನಲ್ಲಿದ್ದರು. ಅವರ ನಂತರ ಸಾಲಿನಲ್ಲಿ ಬರಬೇಕಾದ ಸೆನೆಟ್ಟಿನ ಹಂಗಾಮಿ ಸಭಾಪತಿ ಆಯ್ಕೆಯಾಗಿರಲಿಲ್ಲ. ಸ್ಪೀಕರ್ ಕೂಡ ಇರಲಿಲ್ಲ. ಆರ್ಥರ್ ಸೆನೆಟ್ ಸಭೆ ಕರೆಯುವ ಆದೇಶ ಬರೆದು ವಾಷಿಂಗ್ಟನ್‌ಗೆ ಟಪಾಲಿನಲ್ಲಿ ಹಾಕಿದರು. ದಾರಿಯಲ್ಲಿ ತನಗೇನಾದರೂ ಆದರೆ ಆ ಕಾಗದವಾದರೂ ತಲುಪಲಿ ಅಂತ. ತಾವೇ ಹೋಗಿ ತಲುಪಿದರು, ದೇವರು ದೊಡ್ಡವನು.

1963ರಲ್ಲಿ ಕೆನಡಿ ಕೊಲೆಯಾದ ಮೇಲೆ ಲಿಂಡನ್ ಜಾನ್ಸನ್ ಅಧ್ಯಕ್ಷ. ಹಿಂದೆಯೇ ಒಂದು ಸಲ ಅವರಿಗೆ ಹೃದಯಾಘಾತ ಆಗಿತ್ತು. ಅವರ ಬೆನ್ನ ಹಿಂದೆ ಸಾಲಿನಲ್ಲಿದ್ದವರು 71 ವರ್ಷದ ಸ್ಪೀಕರ್, ಅವರ ಹಿಂದೆ 86 ವರ್ಷದ ಸೆನೆಟರ್. ಆಗ ಅಲ್ಲಿಯವರಿಗೆ ದಿಗಿಲಾಯಿತು. 1967ರ 25ನೇ ತಿದ್ದುಪಡಿ ಹುಟ್ಟಿದ್ದು ಆ ದಿಗಿಲಿನಿಂದ. ಅಧ್ಯಕ್ಷ ಒಬ್ಬರ ಹೆಸರು ಸೂಚಿಸಬೇಕು, ಎರಡೂ ಸದನ ಒಪ್ಪಬೇಕು, ಮುಗಿಯಿತು. ಆರೇ ವರ್ಷಕ್ಕೆ ಅದು ಕೆಲಸಕ್ಕೆ ಬಂತು. 1973ರ ಅಕ್ಟೋಬರಿನಲ್ಲಿ ಉಪಾಧ್ಯಕ್ಷ ಆಗ್ನ್ಯೂ ರಾಜೀನಾಮೆ. ಜೆರಾಲ್ಡ್ ಫೋರ್ಡ್ ಆ ಜಾಗಕ್ಕೆ ಬಂದರು. ಮರುವರ್ಷ ಆಗಸ್ಟಿನಲ್ಲಿ ನಿಕ್ಸನ್ ರಾಜೀನಾಮೆ. ಹೌದು, ನಮ್ಮ ಹಂಗಾಮಿ ರಾಷ್ಟ್ರಪತಿಯ ಕೈ ಕುಲುಕಿ ಹೋದ ಅದೇ ನಿಕ್ಸನ್. ಫೋರ್ಡ್ ಅಧ್ಯಕ್ಷರಾದರು, ನೆಲ್ಸನ್ ರಾಕ್‌ಫೆಲ್ಲರ್ ಉಪಾಧ್ಯಕ್ಷರಾದರು. ಇಬ್ಬರೂ ಆ ಹುದ್ದೆಗಳಿಗೆ ಜನರ ಓಟು ಪಡೆದವರಲ್ಲ. ಇದು ನನಗೆ ಅಷ್ಟು ಹಿಡಿಸುವುದಿಲ್ಲ. ಚುನಾವಣೆಯೇ ನಡೆಸುವ ನಮ್ಮ ಪದ್ಧತಿ ಎಷ್ಟೋ ಮೇಲು.

ಆದರೂ ಅವರಿಂದ ಕಲಿಯಬೇಕಾದ್ದು ಒಂದಿದೆ. ಪ್ರಾಮಾಣಿಕವಾಗಿ ಹೇಳಬೇಕಂದರೆ ಉಪಾಧ್ಯಕ್ಷರ ಹೆಸರು ಸೂಚಿಸಲು ಅವರೂ ಗಡುವು ಹಾಕಿಲ್ಲ. ರಾಕ್‌ಫೆಲ್ಲರ್ ಹೆಸರು ಆಗಸ್ಟ್ 20ಕ್ಕೆ ಬಂದು ಡಿಸೆಂಬರ್ 19ರ ತನಕ ಎಳೆಯಿತು. ಆದರೆ ಅದೇ ತಿದ್ದುಪಡಿಯ 4ನೇ ಭಾಗ ಓದಿ. ಅಧ್ಯಕ್ಷರಿಗೆ ಕೆಲಸ ಮಾಡುವ ಶಕ್ತಿ ಇದೆಯೋ ಇಲ್ಲವೋ ಅನ್ನುವ ಜಗಳ ಬಂದರೆ ಏನು ಮಾಡಬೇಕು ಅಂತ ಅದರಲ್ಲಿದೆ. ಉಪಾಧ್ಯಕ್ಷರೂ ಮಂತ್ರಿಗಳೂ ನಾಲ್ಕು ದಿನದಲ್ಲಿ ಹೇಳಬೇಕು, ಅಲ್ಲಿನ ಸಂಸತ್ತು 48 ಗಂಟೆಯಲ್ಲಿ ಸೇರಬೇಕು, 21 ದಿನದಲ್ಲಿ ತೀರ್ಮಾನ ಕೊಡಬೇಕು. ಪ್ರತಿ ಹೆಜ್ಜೆಗೂ ಗಡಿಯಾರ ಇಟ್ಟಿದ್ದಾರೆ. ಸಂವಿಧಾನದಲ್ಲಿ ದಿನ, ಗಂಟೆ ಬರೆಯುವುದು ಅದರ ಘನತೆಗೆ ಕಡಿಮೆ ಅಂತ ವಾದ ಮಾಡುವವರಿಗೆ ಇದನ್ನು ತೋರಿಸಬಹುದು.

ಅಷ್ಟು ದೂರ ಹೋಗುವುದೂ ಬೇಡ, ಮೈಸೂರಿನದೇ ಇದೆ. ಈ ಕಥೆಯನ್ನು ಮೈಸೂರಿನ ಸದಸ್ಯರಿಗೆ ನಾನು ಹೇಳಬೇಕಾಗಿಲ್ಲ, ಅವರ ಮನೆಯದೇ ಕಥೆ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡರು. ನಾಲ್ವಡಿಯವರು ಹತ್ತು ವರ್ಷದ ಹುಡುಗ. ತಾಯಿ ವಾಣಿವಿಲಾಸ ಸನ್ನಿಧಾನದವರು ಮಗನ ಪರವಾಗಿ ರಾಜ್ಯ ನೋಡಿಕೊಂಡರು. ಮಗ ಹದಿನೆಂಟು ತುಂಬುವ ತನಕ ಅಂತ ಎಲ್ಲರಿಗೂ ಗೊತ್ತಿತ್ತು. 1902ರ ಜೂನಿನಲ್ಲಿ ಹದಿನೆಂಟು ತುಂಬಿತು, ಆಗಸ್ಟ್ 8ಕ್ಕೆ ಅಧಿಕಾರ ಮಗನ ಕೈಗೆ ಹೋಯಿತು. ಅಷ್ಟರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಲು ಶುರುವಾಗಿತ್ತು. ಹಂಗಾಮಿ ಆಡಳಿತವೇ, ಆದರೆ ಯಾವತ್ತು ಮುಗಿಯುತ್ತದೆ ಅನ್ನುವುದು ಮೊದಲೇ ಗೊತ್ತಿದ್ದ ಹಂಗಾಮಿ.

ಈಗ ನಿಮ್ಮ ಕಡೆಯಿಂದ ಬರಬಹುದಾದ ಮಾತಿಗೆ ಬರುತ್ತೇನೆ. ‘ಮೇಷ್ಟ್ರೇ, ನೀವೇ ಲೆಕ್ಕ ಕೊಟ್ಟಿರಿ. 2025ರಲ್ಲಿ 53 ದಿನ. 1969ರಲ್ಲಿ 42. ಬೇಲಿ ಇಲ್ಲದೆಯೂ ಬೇಗ ಆಗಿದೆಯಲ್ಲ?’ ಇನ್ನೂ ಎರಡು ಲೆಕ್ಕ ನಾನೇ ಕೊಡುತ್ತೇನೆ. 1987ರಲ್ಲಿ ಆರ್. ವೆಂಕಟರಾಮನ್ ಉಪರಾಷ್ಟ್ರಪತಿ ಸ್ಥಾನದಿಂದ ರಾಷ್ಟ್ರಪತಿಯಾದ ಮೇಲೆ ಶಂಕರ ದಯಾಳ ಶರ್ಮಾ ಬರಲು ಸುಮಾರು ನಲವತ್ತು ದಿನ. 2002ರ ಜುಲೈ 27ರಂದು ಕೃಷ್ಣಕಾಂತ್ ತೀರಿಕೊಂಡರು. ಹುದ್ದೆಯಲ್ಲಿದ್ದಾಗಲೇ ತೀರಿಕೊಂಡ ಉಪರಾಷ್ಟ್ರಪತಿ ಅವರೊಬ್ಬರೇ. ಅವರ ಅವಧಿ ಹೇಗೂ ಮುಗಿಯುವುದರಲ್ಲಿತ್ತು, ಆಗಸ್ಟ್ 19ಕ್ಕೆ ಭೈರೋನ್ ಸಿಂಗ್ ಶೆಖಾವತ್ ಬಂದರು. ಇದುವರೆಗೆ ಚೆನ್ನಾಗಿಯೇ ನಡೆದಿದೆ, ಒಪ್ಪುತ್ತೇನೆ.

ಆದರೆ ನಮ್ಮ ಡೈರಿಯಲ್ಲೂ ಅಧ್ಯಕ್ಷರಿಗೆ ಲಕ್ವ ಹೊಡೆಯುವ ತನಕ ಚೆನ್ನಾಗಿಯೇ ನಡೆದಿತ್ತು.

ಇನ್ನೊಂದು ಉದಾಹರಣೆ ನೀವು ದಿನಾ ಕೂರುವ ಸದನದಲ್ಲೇ ಇದೆ. 93ನೇ ವಿಧಿ ಪ್ರಕಾರ ಲೋಕಸಭೆ ಒಬ್ಬ ಸ್ಪೀಕರ್, ಒಬ್ಬ ಡೆಪ್ಯುಟಿ ಸ್ಪೀಕರ್ ಇಬ್ಬರನ್ನೂ ಆರಿಸಬೇಕು. ಯಾವಾಗ? ಅಲ್ಲೂ ಆದಷ್ಟು ಬೇಗ! 17ನೇ ಲೋಕಸಭೆ 2019ರಲ್ಲಿ ಸೇರಿ 2024ರಲ್ಲಿ ಮುಗಿಯಿತು. ಐದು ವರ್ಷ ಪೂರ್ತಿ ಡೆಪ್ಯುಟಿ ಸ್ಪೀಕರ್ ಇಲ್ಲ. 18ನೇ ಲೋಕಸಭೆ ಬಂತು, ಮೊದಲ ವರ್ಷ ಕಳೆಯಿತು, ಆಗಲೂ ಆಯ್ಕೆ ಆಗಲಿಲ್ಲ. ಇದರಲ್ಲಿ ಯಾವ ಪಕ್ಷದ ತಪ್ಪು ಎಷ್ಟು ಅಂತ ನಾನು ಅಳೆಯಲು ಹೋಗುವುದಿಲ್ಲ. ಗಡುವಿಲ್ಲದ ಮಾತನ್ನು ಯಾರ ಕೈಗೆ ಕೊಟ್ಟರೂ ಎಳೆಯುತ್ತಾರೆ. ಆದರೆ ಒಂದು ಹುದ್ದೆ ಐದು ವರ್ಷ ಖಾಲಿ ಇದ್ದರೂ ‘ಆದಷ್ಟು ಬೇಗ’ ಅನ್ನುವ ಮಾತು ಸುಳ್ಳಾಗುವುದಿಲ್ಲ ಅಂದ ಮೇಲೆ, ಉಪರಾಷ್ಟ್ರಪತಿ ಸ್ಥಾನ ಒಂದು ವರ್ಷ ಖಾಲಿ ಇದ್ದರೂ ಸುಳ್ಳಾಗುವುದಿಲ್ಲ. ರಾಜ್ಯಸಭೆಯನ್ನು ಉಪಸಭಾಪತಿ ನಡೆಸಿಕೊಂಡು ಹೋಗುತ್ತಾರೆ, ಯಾರಿಗೂ ಅವಸರ ಇರುವುದಿಲ್ಲ. ರಾಷ್ಟ್ರಪತಿಯ ಬಲಗೈ ಏಳದ ದಿನ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ನಾನು ಕೇಳುವುದು ಚಿಕ್ಕದು. 68ನೇ ವಿಧಿಯ ಎರಡನೇ ಭಾಗದಲ್ಲಿ, ‘ಆದಷ್ಟು ಬೇಗ’ದ ಪಕ್ಕಕ್ಕೆ ‘60 ದಿನ ಮೀರದಂತೆ’ ಅಂತ ಸೇರಿಸಬೇಕು. 60 ಯಾಕೆ ಅಂದರೆ, ಕಾನೂನಿನ ಪ್ರಕಾರ ಚುನಾವಣೆಯ ಅಧಿಸೂಚನೆ ಬಂದ ಮೇಲೆ ನಾಮಪತ್ರಕ್ಕೆ, ಪರಿಶೀಲನೆಗೆ, ವಾಪಸು ತೆಗೆದುಕೊಳ್ಳಲು, ಆಮೇಲೆ ಮತದಾನಕ್ಕೆ, ಎಲ್ಲ ಸೇರಿ ಒಂದು ತಿಂಗಳು ಚಿಲ್ಲರೆ ಬೇಕು. 2025ರಲ್ಲಿ ಅಧಿಸೂಚನೆ ಆಗಸ್ಟ್ 7ಕ್ಕೆ, ಮತದಾನ ಸೆಪ್ಟೆಂಬರ್ 9ಕ್ಕೆ. ಏನೂ ಆತುರ ಇಲ್ಲದೆ ಮಾಡಿದರೂ 60 ದಿನದೊಳಗೆ ಮುಗಿಯುತ್ತದೆ, ಮುಗಿದೂ ಇದೆ. ಯಾರಿಗೂ ಹೊಸ ಹೊರೆ ಇಲ್ಲ. ಸಿಗುವುದು ಇಷ್ಟೇ: 61ನೇ ದಿನ ಯಾರಾದರೂ ಸಾಮಾನ್ಯ ಮನುಷ್ಯ ಕೋರ್ಟಿಗೆ ಹೋಗಿ, ದಿನ ಮುಗಿಯಿತು ಸ್ವಾಮಿ ಅನ್ನಬಹುದು.

ಇದೇ ಜೋರಿನಲ್ಲಿ 93ನೇ ವಿಧಿಗೂ ಒಂದು ಗಡುವು ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಎರಡನ್ನೂ ಒಂದೇ ಗಾಡಿಗೆ ಹೇರಿದರೆ ಎರಡೂ ಕೆಸರಲ್ಲಿ ಹೂತುಕೊಳ್ಳಬಹುದು ಅನ್ನುವ ಭಯವೂ ಇದೆ.

ಸಂವಿಧಾನದ ತಿದ್ದುಪಡಿ ಕಷ್ಟ ಅನ್ನಬೇಡಿ. ರಾಷ್ಟ್ರಪತಿಯ ಚುನಾವಣೆ ಹೇಗೆ ನಡೆಯಬೇಕು ಅನ್ನುವ 54, 55ನೇ ವಿಧಿ ಮುಟ್ಟಬೇಕಾದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕು. 68ನೇ ವಿಧಿ ಆ ಪಟ್ಟಿಯಲ್ಲಿಲ್ಲ. ಎರಡೂ ಸದನಗಳಲ್ಲಿ ವಿಶೇಷ ಬಹುಮತ ಸಾಕು. ನಿಮ್ಮಲ್ಲಿ ಮಂಡ್ಯದ ಸದಸ್ಯರು ಕೇಂದ್ರದಲ್ಲಿ ಮಂತ್ರಿ, ಖಾಸಗಿ ಮಸೂದೆ ತರುವಂತಿಲ್ಲ. ಅವರು ಸಂಪುಟದೊಳಗೆ ಹೇಳಬಹುದು. ಮೈಸೂರಿನ ಸದಸ್ಯರು ತರಬಹುದು. 1970ರಿಂದ ಈಚೆಗೆ ಒಂದೂ ಖಾಸಗಿ ಮಸೂದೆ ಸಂಸತ್ತಿನಲ್ಲಿ ಪಾಸಾಗಿಲ್ಲ, ನನಗೆ ಗೊತ್ತು. ಪಾಸಾಗದಿದ್ದರೂ ಪರವಾಗಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಸದನದಲ್ಲಿ ಈ ಪ್ರಶ್ನೆ ಕೇಳಿದರೆ ಸರ್ಕಾರ ಏನಾದರೂ ಉತ್ತರ ಹೇಳಲೇಬೇಕಲ್ಲ. ಆ ಉತ್ತರ ಕಡತದಲ್ಲಿ ಉಳಿಯುತ್ತದೆ.

ಹೊಸ ಉಪರಾಷ್ಟ್ರಪತಿಗೆ ಸಿಕ್ಕಿರುವುದು ಪೂರ್ತಿ ಐದು ವರ್ಷ. ನಡುವೆ ಬಂದವರಿಗೂ ನಮ್ಮಲ್ಲಿ ಹೊಸ ಅವಧಿ, ಉಳಿಕೆ ಅವಧಿ ಅಲ್ಲ. ಅಂದರೆ ಈಗ ಆ ಕುರ್ಚಿ ಖಾಲಿ ಇಲ್ಲ, ಯಾರ ಮೇಲೂ ಬೆರಳು ತೋರಿಸಿದ ಹಾಗೆ ಆಗುವುದಿಲ್ಲ. ಹೆಂಚು ಹಾಕಲು ಬೇಸಿಗೆಯೇ ಒಳ್ಳೆಯದು ಅಲ್ವಾ?

ಡೈರಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಕೊನೆಗೆ ಮೇಲಿನ ಅಧಿಕಾರಿಯೊಬ್ಬರು ಬಂದು ಕೂತು ಉಪಾಧ್ಯಕ್ಷರ ಆಯ್ಕೆ ಮಾಡಿಸಿದರು. ಬಟವಾಡೆ ಆಯಿತು, ಮಾರ್ನಮಿ ಕಳೆದ ಮೇಲೆ. ಅವತ್ತಿನ ಸಭೆಯ ನಡಾವಳಿಯನ್ನೂ ನನ್ನ ಕೈಯಲ್ಲೇ ಬರೆಸಿದರು. ಇನ್ನು ಮುಂದೆ ಯಾವುದೇ ಸ್ಥಾನ ಖಾಲಿಯಾದರೆ ಮೂವತ್ತು ದಿನದೊಳಗೆ ಸಭೆ ಕರೆಯಬೇಕು ಅಂತ. ‘ಮೂವತ್ತು’ ಅನ್ನುವುದನ್ನು ಅಂಕೆಯಲ್ಲೂ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ ಅಂತ ಆ ಅಜ್ಜಿಯ ಮಗ ಹೇಳಿದ. ಎರಡರಲ್ಲೂ ಬರೆದೆ.

ಈ ಪತ್ರಕ್ಕೆ ನೀವು ಉತ್ತರ ಬರೆಸಿದರೆ ಸಂತೋಷ. ಒಂದೇ ಕೋರಿಕೆ. ನಿಮ್ಮ ಕಚೇರಿಯವರು ‘ಆದಷ್ಟು ಬೇಗ ಪರಿಶೀಲಿಸಲಾಗುವುದು’ ಅಂತ ಮಾತ್ರ ಬರೆಯದಿರಲಿ. ಒಂದು ತಾರೀಕು ಹಾಕಲಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಮೇಷ್ಟ್ರು,
ಮಂಡ್ಯ